ಕಾಲಲ್ಲಿ ಸತ್ತವರಿಗೊಂದು ಎಲೆ

ನಮ್ಮಜ್ಜಿ ಕೀವಿಗೆ ಕೈಮುಗಿಯುತ್ತಿದ್ದಳು. ತಮಾಷೆಯಲ್ಲ. ಚಿಕ್ಕಂದಿನಲ್ಲಿ ನನ್ನ ಮಂಡಿ ಗಾಯದಲ್ಲಿ ಕೀವಾದಾಗ ಅಮ್ಮ ಮೂಗು ಮುಚ್ಚಿಕೊಂಡರೆ, ಅಜ್ಜಿ ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಹಿತ್ತಲಲ್ಲಿ ಮಣ್ಣು ಮಾಡಿ ಬಂದಳು. "ಥೂ ಅನ್ಬ್ಯಾಡ ಕಣ್ಲಾ. ನಿಂಗೋಸ್ಕರ ಸತ್ತವ್ರೆ."

ಯಾರು ಸತ್ತರು ಅಂತ ಕೇಳಿದರೆ ಮುಗಿಯಿತು, ಕಥೆ ಶುರು.

ನಲವತ್ತರ ದಶಕ, ಯುದ್ಧದ ಕಾಲ. ಅಜ್ಜಿ ಹಳೇಕೋಟೆಗೆ ಬಂದ ಹೊಸ ಸೊಸೆ. ರಾಗಿ ಕೊಯ್ಯುವಾಗ, ಕೊಯ್ದುಳಿದ ಚೂಪು ಕೂಳೆ ಅಂಗಾಲಿಗೆ ಚುಚ್ಚಿತು. ಅತ್ತೆ ಸಗಣಿ ಮೆತ್ತಿ ಕಟ್ಟಿದರು. ಕಾಲು ಕೆಂಪಾಗಿ ಊದಿ ಕಂಬವಾಯಿತು. ಗಾಡಿಯಲ್ಲಿ ಮಲಗಿಸಿ ಹೊಳೆನರಸೀಪುರಕ್ಕೆ ಒಯ್ದರು. ಡಾಕ್ಟರು ಗಾಯ ಕುಯ್ದು ತೊಳೆದು, ಮಂಡಿಯ ಕೆಳಗೆ ಶಾಯಿಯಲ್ಲಿ ಗೆರೆ ಎಳೆದರು.

"ಕೆಂಪು ಈ ಗೆರೆ ದಾಟಿದ್ರೆ ಕಾಲು ತೆಗೀಬೇಕಮ್ಮ. ಇನ್ನು ನಿನ್ನ ಮೈಯಲ್ಲಿರೋರೇ ಹೊಡೆದಾಡಬೇಕು."

"ಮೈಯೊಳ್ಗೆ ಯಾರವ್ರೆ ಸಾ? ದೆವ್ವಾನಾ?"

ಡಾಕ್ಟರು ನಕ್ಕರು. ಅವಳದೇ ಕೀವಿನ ಒಂದು ತೊಟ್ಟಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ತಾತ ಅವಳನ್ನು ಎತ್ತಿಕೊಂಡು ಹೋಗಿ ತೋರಿಸಿದರು. ದುಂಡನೆಯ ಕಣಗಳು, ಒಂದೊಂದರ ಹೊಟ್ಟೆಯಲ್ಲೂ ಸಾಸಿವೆಗಿಂತ ಸಣ್ಣ ಚುಕ್ಕೆಗಳು.

"ಆ ಚುಕ್ಕೆಗಳು ಅಂದ್ರೆ ರೋಗದ ಕ್ರಿಮಿ. ನುಂಗಿರೋದು ನಿನ್ನ ಬಿಳಿ ರಕ್ತಕಣ. ನುಂಗಿ ನುಂಗಿ ಅವೂ ಸಾಯ್ತವೆ. ಆ ಹೆಣಗಳೇ ಕೀವು."

ಅಜ್ಜಿ ಕಣ್ಣು ತೆಗೆಯಲೇ ಇಲ್ಲವಂತೆ. "ಇಷ್ಟೊಂದ್ ಜನ ಸತ್ತವ್ರಲ್ಲಾ ಸಾ! ಇವ್ರಿಗೆ ಎಡೆ ಯಾರಿಕ್ತಾರೆ?"

"ನೀನೇ ಇಕ್ಕಮ್ಮ. ಮೊದಲು ಕಾಲು ಉಳೀಲಿ."

ಕೆಂಪು ಆ ಗೆರೆಯವರೆಗೆ ಬಂದು ಮುಟ್ಟಿತು. ದಾಟಲಿಲ್ಲ.

ಮುಂದಿನ ಪಿತೃಪಕ್ಷದಲ್ಲಿ ಹಿರಿಯರ ಎಡೆಯ ಪಕ್ಕ ಒಂದೆಲೆ ಹೆಚ್ಚಾಗಿ ಬಿತ್ತು.

"ಇದ್ಯಾರ್ಗವ್ವಾ?" ಅಂದರು ಅತ್ತೆ.

"ಕಾಲಲ್ಲಿ ಸತ್ತೋರ್ಗೆ ಕಣತ್ತೆ."

"ಥೂ, ಕೀವಿಗೆ ವಡೆನಾ!"

ಅತ್ತೆ ಬೈದರು, ಊರು ನಕ್ಕಿತು. ಎಲೆ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಹಾಸನದ ಆಸ್ಪತ್ರೆಯಲ್ಲಿ. ಅದೇ ಕಾಲಲ್ಲಿ ಹುಣ್ಣು, ಒಣಗುತ್ತಿಲ್ಲ. ಬಿಳಿ ರಕ್ತಕಣ ತೀರಾ ಕಮ್ಮಿಯಾಗಿವೆ ಎಂದರು ಡಾಕ್ಟರು. ಅಜ್ಜಿಗೆ ಹೇಳದೆ ಇರಲು ಆಗಲಿಲ್ಲ. ಅವಳಿಗೆ ಗೊತ್ತಿದ್ದ ಜನ ಅವರು.

"ಅವ್ರಿಗೂ ವಯ್ಸಾಯ್ತೇನ್ಲಾ?"

"ಹೂಂ ಅಜ್ಜಿ."

ಮಗುವನ್ನು ಮಲಗಿಸುವ ಹಾಗೆ ಕಾಲನ್ನು ತಟ್ಟಿದಳು. "ಬುಡು. ಇಷ್ಟ್ ವರ್ಸ ನನ್ನ ಕಾದವ್ರೆ. ಮಲಿಕ್ಕಳ್ಲಿ."

ಈ ಸಲ ಪಿತೃಪಕ್ಷದಲ್ಲಿ ಅಜ್ಜಿಗೂ ಎಲೆ ಹಾಕಿದೆವು, ಪಕ್ಕದಲ್ಲೇ ಕಾಲಲ್ಲಿ ಸತ್ತವರದು. ವಡೆ ಅವರಿಗೇ ಮೊದಲು ಬಡಿಸಿದೆ. ಇಲ್ಲದಿದ್ದರೆ ಅಜ್ಜಿ ಮುಟ್ಟುತ್ತಿರಲಿಲ್ಲ.