ಫ್ರಿಜ್ಜಿನ ಮೇಲಿನ ಏಕಾದಶಿ

ನನ್ನ ಸೊಸೆ ಬ್ಯಾಂಕಿನ ಕೆಲಸ ಬಿಟ್ಟು ಅಡ್ಯಾರಿನ ನಮ್ಮ ಅಡುಗೆಮನೆಯಲ್ಲೇ ಊಟದ ಕ್ಯಾರಿಯರ್ ಶುರುಮಾಡಿದಾಗ, ಯುಗಾದಿಯವರೆಗೆ ನೋಡುತ್ತೇನೆ, ಗಿರಾಕಿ ಕೂಡದಿದ್ದರೆ ಮತ್ತೆ ಆಫೀಸಿಗೆ ಎಂದು ಗಡುವು ಹಾಕಿಕೊಂಡಿದ್ದಳು. ಮೈಸೂರಿನ ಹುಡುಗಿ. ಅವಳ ಕೈಯ ಹುಳಿಯನ್ನು ಬೀದಿಯೆಲ್ಲ ಹೊಗಳುತ್ತಿತ್ತು, ಆರ್ಡರ್ ಮಾತ್ರ ಅಲ್ಲೊಂದು ಇಲ್ಲೊಂದು. ಜನವರಿಯ ಹೊಸ ವರ್ಷಕ್ಕೆ ಮನೆಮನೆಗೂ ಏನಾದರೂ ಹಂಚೋಣ, ನಮ್ಮ ಫೋನ್ ನಂಬರು ಅವರ ಕಣ್ಣೆದುರಿಗಿರಲಿ ಎಂದಳು.

ಹಂಚುವುದೇನನ್ನು? ಪೆನ್ನು ಎಂದಳು. ಪೆನ್ನು ಯಾರ ಕೈಯಲ್ಲಿ ನಿಂತೀತು, ವಾರದೊಳಗೆ ಪಕ್ಕದ ಮನೆಯ ಸೊತ್ತು ಎಂದೆ. ಹಳದಿ ಬಟ್ಟೆಚೀಲ ಎಂದಳು. ಈ ತಮಿಳು ಊರಿನಲ್ಲಿ ಯಾವ ಮದುವೆಗೆ ಹೋದರೂ ತಾಂಬೂಲದ ಜೊತೆ, ವಧೂವರರ ಹೆಸರು ಅಚ್ಚಾದ ಅದೇ ಚೀಲ. ನಾನು ಮುಖ ಮರೆತ ಎಷ್ಟೋ ದಂಪತಿಗಳು ನಮ್ಮ ಬೀರುವಿನ ಹಿಂದೆ ನೇತಾಡುತ್ತಿದ್ದಾರೆ.

ಆಗ ನೆನಪಾದವರು ನಾನು ಓದಿದ ರಾಯಪುರಂ ಕಾನ್ವೆಂಟಿನ ನಮ್ಮ ಸಿಸ್ಟರ್. ಸ್ಪೆಲ್ಲಿಂಗ್ ತಪ್ಪದವರಿಗೆ ಅಂಗೈಯಗಲದ ಒಂದು ಹೋಲಿ ಪಿಕ್ಚರ್ ಕೊಡುತ್ತಿದ್ದರು, ಅಂಚಿಗೆ ಗೋಲ್ಡ್ ಬಣ್ಣ. ಮಡಿಯ ನನ್ನಜ್ಜಿ ಅದೂ ದೇವರೇ ಎಂದು ಎಸೆಯಲಾರದೆ, ದೇವರಮನೆಯೊಳಗೆ ಬಿಡಲೂ ಆರದೆ, ಜಗಲಿಯ ಗೂಡಿನಲ್ಲಿ ಇರಿಸಿದ್ದಳು. ಅದರಲ್ಲೊಂದು ಇವತ್ತಿಗೂ ನನ್ನ ಸ್ತೋತ್ರದ ಪುಸ್ತಕದ ಬುಕ್‌ಮಾರ್ಕ್. ಸಿಸ್ಟರ್ ಯಾವ ಬಿಸಿನೆಸ್ ಸ್ಕೂಲಿಗೂ ಹೋದವರಲ್ಲ, ಪೂರ್ ಥಿಂಗ್. ಆದರೆ ಎಸೆಯಲು ಯಾರಿಗೂ ಮನಸ್ಸು ಬಾರದಂಥದ್ದನ್ನೇ ಹಂಚಿದ್ದರು.

ಏಕಾದಶಿ ಕ್ಯಾಲೆಂಡರ್ ಮಾಡಿಸು ಎಂದೆ. ಗೋಡೆಯ ಡೈಲಿ ಕ್ಯಾಲೆಂಡರಿನ ಏಕಾದಶಿಗೂ ನಮ್ಮ ಮಾಧ್ವರ ಏಕಾದಶಿಗೂ ಕೆಲವೊಮ್ಮೆ ಒಂದು ದಿನದ ಅಂತರ. ಪ್ರತಿ ಸಲವೂ ಬಳಗದಲ್ಲಿ ಕನ್‌ಫ್ಯೂಷನ್. ಫ್ರಿಜ್ಜಿಗೆ ಅಂಟುವ ಮ್ಯಾಗ್ನೆಟ್ ತಯಾರಾಯಿತು: ಏಕಾದಶಿಗಳಿಗೆ ಕೆಂಪು ಚುಕ್ಕೆ, ಕೆಳಗೆ ಸೊಸೆಯ ನಂಬರು. ವೆರಿ ಸ್ವೀಟ್. ಮಠಕ್ಕೆ ಬಂದವರಿಗೆಲ್ಲ ಕೊಟ್ಟೆವು.

ಫೋನುಗಳು ಬಂದವು, ಧಾರಾಳವಾಗಿ. ಕೆಂಪು ಚುಕ್ಕೆಯ ಹಿಂದಿನ ದಿನ ಎಲ್ಲರೂ ಕೇಳಿದ್ದು ಒಂದೇ: ಚುಕ್ಕೆ ಸರಿಯಿದೆಯಲ್ಲ? ಸರಿ ಎಂದ ಕೂಡಲೇ ಥ್ಯಾಂಕ್ಸ್ ಹೇಳಿ ಇಟ್ಟುಬಿಟ್ಟರು. ಮಾರನೆಯ ದಿನ ಇದ್ದ ಆರ್ಡರುಗಳೂ ಕ್ಯಾನ್ಸಲ್. ಮರೆತು ಉಂಡುಬಿಡುತ್ತಿದ್ದವರಿಗೂ ನಾವೇ ನೆನಪಿಸಿದ್ದೆವು.

ಸೊಸೆ ಸೌಟು ಹಿಡಿದೇ ಬಂದು ನಿಂತಳು. "ಅತ್ತೆ, ಊಟ ಮಾರೋರು ಉಪವಾಸಕ್ಕೆ ಅಡ್ವರ್ಟೈಸ್‌ಮೆಂಟ್ ಕೊಟ್ಟಿರೋದು ಪ್ರಪಂಚದಲ್ಲೇ ನಾವೇ ಮೊದಲಿರ್ಬೇಕು."

ನನಗೆ ನಗು ಬಂತು. ಅವಳು ನಗಲಿಲ್ಲ. ಹಳೆಯ ಮ್ಯಾನೇಜರನ್ನು ಒಮ್ಮೆ ನೋಡಿಬರುವ ಮಾತಾಡಿದಳು.

ಮುಂದಿನ ಏಕಾದಶಿಯ ಮಧ್ಯಾಹ್ನ ಟಿ. ನಗರದಿಂದ ಒಬ್ಬಾಕೆಯ ಫೋನು. ದನಿ ಕೇಳಿದರೆ ನನ್ನ ವಾರಿಗೆಯವರೇ, ಮಾತಿನ ನಡುನಡುವೆ ತಮಿಳು. ಕೇಳುವ ಮೊದಲೇ, ಚುಕ್ಕೆ ಸರಿಯಿದೆ ಎಂದೆ.

"ಅದು ಗೊತ್ತಮ್ಮ. ನಾಳೆ ದ್ವಾದಶಿ, ಬೆಳಿಗ್ಗೆ ಏಳಕ್ಕೇ ಪಾರಣೆ ಮಾಡಿ ಉಪವಾಸ ಬಿಡ್ಬೇಕು. ಇಡೀ ದಿನ ಉಪವಾಸ ಇದ್ದು, ಕತ್ತಲಲ್ಲೇ ಎದ್ದು ಅಡುಗೆ ಮಾಡೋಕೆ ಈಗ ಕೈಲಾಗಲ್ಲ. ದ್ವಾದಶಿ ಪದ್ಧತಿ ಪ್ರಕಾರ ಹುಣಸೆಹಣ್ಣು ಹಾಕ್ದೆ ಅಡುಗೆ, ಜೊತೆಗೆ ಅಗಸೆಸೊಪ್ಪಿನ ಪಲ್ಯ ಮಾಡಿ ಕಳಿಸ್ತೀರಾ? ಕಂಡಿಪ್ಪಾ ಏಳರೊಳಗೆ ಬಂದ್ಬಿಡ್ಬೇಕು, ತಪ್ಪಿಸ್ಬೇಡಿ."

ನಾನು ಫೋನನ್ನು ಸೊಸೆಯ ಕೈಗಿತ್ತೆ.

ಆ ಕ್ಯಾರಿಯರ್ ಹೊತ್ತಿಗೆ ಸರಿಯಾಗಿ ತಲುಪಿತು. ಆಕೆ ತಮ್ಮ ಭಜನೆಯ ಗೆಳತಿಯರಿಗೆಲ್ಲ ಹೇಳಿದರು. ದ್ವಾದಶಿಯಿಂದ ದ್ವಾದಶಿಗೆ ಕ್ಯಾರಿಯರುಗಳ ಸಾಲು ಬೆಳೆಯಿತು. ಪಾರಣೆಯ ರುಚಿ ಕಂಡವರು ಉಳಿದ ದಿನಗಳಿಗೂ ಊಟ ಕೇಳತೊಡಗಿದರು.

ಯುಗಾದಿಯ ದಿನ ಬೇವುಬೆಲ್ಲ ಮುಗಿಸಿ ಸೊಸೆ ಹಸಿರು ಬಿಂದಿಯ ಪ್ಯಾಕೆಟ್ ತಂದಳು. ನಮ್ಮ ಫ್ರಿಜ್ಜಿನ ಮ್ಯಾಗ್ನೆಟ್ಟಿನಲ್ಲಿ ಪ್ರತಿ ಕೆಂಪು ಚುಕ್ಕೆಯ ಪಕ್ಕದ ದ್ವಾದಶಿಗೂ ಒಂದೊಂದು ಹಸಿರು ಅಂಟಿಸುತ್ತ ಹೋದಳು.

"ಮುಂದಿನ ವರ್ಷ ಇದನ್ನೂ ಪ್ರಿಂಟ್ ಮಾಡಿಸ್ಬೇಕು ಅತ್ತೆ."

ಮುಂದಿನ ವರ್ಷ ಎಂದಳಲ್ಲ, ಇನ್ನೇನು ಕೇಳುವುದು. ಕನ್ನಡಕ ಹಾಕಿಕೊಂಡು ಸೊಪ್ಪು ಬಿಡಿಸಲು ಕುಳಿತೆ.