ಇಗ್ವಾನಾಗೊಂದು ಮನೆ ನೋಡುವ ಶಾಸ್ತ್ರ

ಮೃಗಾಲಯಕ್ಕೆ ಹೋದವರು ಸಾಮಾನ್ಯವಾಗಿ ಪ್ರಾಣಿಗಳನ್ನು ನೋಡುತ್ತಾರೆ. ನಾನು ಈ ವರ್ಷ ಹೋದಲ್ಲೆಲ್ಲ ನೀರಿನ ತೊಟ್ಟಿ, ಚರಂಡಿ, ಬಿಸಿಲು ಬೀಳುವ ದಿಕ್ಕು, ಜಾಲರಿಯ ತುಕ್ಕು ಇವನ್ನೇ ನೋಡಿಕೊಂಡು ಬಂದೆ. ಹುಲಿ ಎದ್ದು ನಿಂತು ಆಕಳಿಸಿದರೂ ನನ್ನ ಕಣ್ಣು ಅದರ ಹಿಂದಿನ ಬಾಗಿಲಿನ ಚಿಲಕದ ಮೇಲೆ. ಹೆಣ್ಣು ಹೆತ್ತವರು ಗಂಡಿನ ಮನೆಗೆ ಹೋದಾಗ ಹೀಗೇ ಅಲ್ಲವೇ? ನಡುಮನೆಯಲ್ಲಿ ಕೂತ ಹುಡುಗನನ್ನು ಅರೆಗಣ್ಣಲ್ಲಿ ನೋಡಿ, ಕೈ ತೊಳೆಯುವ ನೆಪದಲ್ಲಿ ಬಚ್ಚಲವರೆಗೂ ಹೋಗಿ ಬರುತ್ತಾರೆ. ವ್ಯತ್ಯಾಸ ಇಷ್ಟೇ: ನಾನು ಮನೆ ಹುಡುಕುತ್ತಿದ್ದದ್ದು ಒಂದು ಇಗ್ವಾನಾಗೆ.

ಇಗ್ವಾನಾ ಎಂದರೇನೆಂದು ತಿಳಿಯದವರು ನಾಚಬೇಕಾಗಿಲ್ಲ. ನನಗೂ ಮೊನ್ನೆ ಮೊನ್ನೆಯವರೆಗೆ ತಿಳಿದಿರಲಿಲ್ಲ. ದಕ್ಷಿಣ ಅಮೆರಿಕದಲ್ಲೂ ಕೆರಿಬಿಯನ್ ದ್ವೀಪಗಳಲ್ಲೂ ಮರದ ಮೇಲೆ ಬಿಸಿಲು ಕಾಯುತ್ತ ಬದುಕುವ ಹಸಿರು ಹಲ್ಲಿ ಅದು. ಹಲ್ಲಿ ಎಂದದ್ದು ಬೇರೆ ಪದ ಹೊಳೆಯದೆ. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ನಮ್ಮ ಮಂಚದ ಅಗಲ ಸಾಲದು. ಬೆನ್ನುದ್ದಕ್ಕೂ ಬಾಚಣಿಗೆಯ ಹಲ್ಲು, ಗದ್ದದ ಕೆಳಗೆ ಕರವಸ್ತ್ರದಂತೆ ಜೋತಾಡುವ ಚರ್ಮ, ಮುಖದಲ್ಲಿ ಪರೀಕ್ಷೆಯ ಕೊಠಡಿಯಲ್ಲಿ ಕಾವಲು ನಿಂತ ಕಾನ್ವೆಂಟಿನ ಸಿಸ್ಟರ್ ಒಬ್ಬರ ಗಾಂಭೀರ್ಯ. ಸ್ವಭಾವದಲ್ಲಿ ಮಾತ್ರ ಶುದ್ಧ ಸಸ್ಯಾಹಾರಿ, ನುಗ್ಗೆಸೊಪ್ಪು ಕಂಡರೆ ಪ್ರಾಣ.

ನನ್ನ ಮೈದುನ ಇದನ್ನು ಬೆರಳುದ್ದ ಇದ್ದಾಗ ಅಂಗಡಿಯೊಂದರಿಂದ ತಂದು ಬೀನ್ಸ್ ಎಂದು ಹೆಸರಿಟ್ಟಿದ್ದ. ಆಮೇಲೆ ಅವನಿಗೆ ಮದುವೆಯಾಯಿತು. ಬಂದ ಹುಡುಗಿ ಒಳ್ಳೆಯವಳು. ಮನೆಯಲ್ಲಿ ತಾನಿರಬೇಕೋ ಆ ಹಲ್ಲಿ ಇರಬೇಕೋ ಎಂದು ಒಂದೇ ಒಂದು ಸಲ ಕೇಳಿದಳಂತೆ. ಮಾರನೆಯ ದಿನ ಮೈದುನ ಪಂಜರ ಹೊತ್ತುಕೊಂಡು ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಬಾಗಿಲಲ್ಲಿ ನಿಂತಿದ್ದ. "ಅತ್ತಿಗೆ, ಒಂದ್ ವಾರ ಇಟ್ಕೊಳ್ಳಿ, ಅಷ್ಟೇ." ಆ ವಾರ ಮುಗಿಯಲೇ ಇಲ್ಲ.

ನಾವಿರುವುದು ಪಿಳ್ಳಮ್ಮನವರ ಮನೆಯ ಮೂರನೇ ಮಹಡಿಯಲ್ಲಿ. ಹಿಂದೆ ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಬಾಡಿಗೆದಾರರನ್ನು ಬೆಳೆದಿದ್ದಾರೆ. ಮಳೆಯ ಚಿಂತೆಯಿಲ್ಲ, ಟ್ಯಾಂಕರಿನ ಚಿಂತೆ ಇದೆ. ಒಂದು ದಿನ ನೀರಿನ ವಿಚಾರ ಹೇಳಲು ಮೇಲೆ ಬಂದವರು ಬಾಲ್ಕನಿಯಲ್ಲಿ ಬೀನ್ಸ್‌ನನ್ನು ಕಂಡು ಅಲ್ಲೇ ನಿಂತರು.

"ಇದೇನಮ್ಮಾ, ಉಡ ಸಾಕ್ಕಂಡಿದೀರಾ? ನಮ್ ಮಾವ ಬದ್ಕಿದ್ದಿದ್ರೆ ಇಷ್ಟೊತ್ಗೆ ಒಲೆ ಮ್ಯಾಲಿರೋದು."

"ಉಡ ಅಲ್ಲಮ್ಮ, ಇದು ಅಮೆರಿಕದ್ದು."

"ಅಮೇರಿಕದ್ದಾದ್ರೇನು, ಉಡ ಉಡಾನೇ. ನಮ್ ಬಾಡಿಗೆಯೋರು ಅಮೇರಿಕಕ್ಕೋಗಿ ಬಂದ್ರೆ ಮುಖ ಬದ್ಲಾಗ್ತದಾ?"

ಹತ್ತಿರ ಹೋಗಿ ನೋಡಿದ್ದೂ ಅವರೇ. "ಅಯ್ಯೋ, ಮೂಗು ತರ್ಚ್ಕಂಡಿದೆ ನೋಡು." ನಾನದನ್ನು ಕಂಡಿದ್ದೆ, ಕಂಡೂ ಮುಲಾಮು ಹಚ್ಚಿ ಸುಮ್ಮನಾಗಿದ್ದೆ. ಬಾಲ್ಕನಿಯ ಜಾಲರಿಗೆ ಬೀನ್ಸ್ ದಿನವಿಡೀ ಮೂತಿ ಒತ್ತುತ್ತಿದ್ದ. ಅತ್ತ ಒಂದು ನೀಲಗಿರಿ ಮರವಿತ್ತು. ಅದು ಕಾಣುತ್ತಿದೆ, ದಾರಿ ಏಕಿಲ್ಲ ಎಂಬುದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಉಜ್ಜಿ ಉಜ್ಜಿ ಮೂಗಿನ ಮೇಲೆ ಗಾಯ. ಪಶುವೈದ್ಯರೂ ಅದನ್ನೇ ಹೇಳಿದ್ದರು: ಔಷಧಿ ಕೊಡಬಹುದು, ಜಾಗ ಕೊಡದಿದ್ದರೆ ಗಾಯ ಮಾಯುವುದಿಲ್ಲ, ಒಳಗೆ ಕೀವಾದರೆ ಕಷ್ಟ. ಜೊತೆಗೆ ಪಿಳ್ಳಮ್ಮನವರ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಎಳೆಮಗು ಇರುವ ಮನೆಯಲ್ಲಿ ಉಡ ಇರಕೂಡದು ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ನನ್ನ ಮಗಳು ಅದಿತಿ ಇನ್ನೊಂದು ಕಡ್ಡಿ ಮುರಿದಳು. "ಅಮ್ಮ, ಯಾವುದೋ ಒಂದು ಬೋನಿಗೆ ಹಾಕಿ ಬಂದ್ರೆ ನಾನು ನಿನ್ ಹತ್ರ ಮಾತಾಡಲ್ಲ."

"ಕೆರೆ ಹತ್ರ ಮರಕ್ಕೆ ಬಿಟ್ಬಿಡೋಣ್ವಾ?" ಎಂದರು ನಮ್ಮ ಯಜಮಾನರು, ಪತ್ರಿಕೆಯಿಂದ ತಲೆಯೆತ್ತದೆ. ಕೆರೆಯ ಹತ್ತಿರದ ನಾಯಿಗಳನ್ನು ನೆನಪಿಸಿದ ಮೇಲೆ ಪತ್ರಿಕೆಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು.

ಹೀಗೆ ಶುರುವಾಯಿತು ನನ್ನ ಮನೆ ನೋಡುವ ಶಾಸ್ತ್ರ. ಜೊತೆಗೆ ಬಂದದ್ದು ಪಿಳ್ಳಮ್ಮನವರೇ. ತಮ್ಮ ಹೆಣ್ಣುಮಕ್ಕಳಿಗೂ ತಂಗಿಯರ ಮಕ್ಕಳಿಗೂ ಮನೆ ನೋಡಿ ಪಳಗಿದವರು. ಅವರ ಮನೆತನದಲ್ಲಿ ಒಂದು ನಿಯಮ ಇದೆಯಂತೆ: ಮನಸ್ಸು ಒಪ್ಪುವ ತನಕ ಆ ಮನೆಯ ಹನಿ ನೀರೂ ಮುಟ್ಟುವಂತಿಲ್ಲ. ಕುಡಿದರೆ ಒಪ್ಪಿಗೆ ಕೊಟ್ಟಂತೆ. "ಹುಡುಗನ್ನೇನ್ ನೋಡ್ತೀಯಮ್ಮ, ಬಚ್ಚಲು ನೋಡು, ಗೊತ್ತಾಯ್ತದೆ" ಎಂದು ಕಾರಿನಲ್ಲಿ ಕೂರುತ್ತಲೇ ಪಾಠ ಹೇಳಿದರು.

ಮೊದಲು ಹೋದದ್ದು ಸರ್ಜಾಪುರದ ಆಚೆ, ಹೊಸ ಬಡಾವಣೆಗಳ ನಡುವೆ ಎದ್ದಿರುವ ಒಂದು ಖಾಸಗಿ ಪ್ರಾಣಿತೋಟಕ್ಕೆ. ಗೋಡೆಯ ತುಂಬ ಅಮೆಜಾನ್ ಕಾಡಿನ ಚಿತ್ರ. ನದಿ, ಅನಕೊಂಡ, ಕೆಂಪು ಮಕಾವ್ ಗಿಳಿ ಎಲ್ಲ ಇತ್ತು; ಮೂಲೆಯಲ್ಲಿ ಜಾಗ ಉಳಿದಿದ್ದಕ್ಕೋ ಏನೋ ಚಿತ್ರಕಾರ ಒಂದು ಜಿರಾಫೆಯನ್ನೂ ನಿಲ್ಲಿಸಿದ್ದ. ಭೂಗೋಳ ಕಲಿಸಿದ ನಮ್ಮ ಸಿಸ್ಟರ್ ನೋಡಿದ್ದರೆ ಜಿರಾಫೆಯನ್ನು ಬೆಂಚಿನ ಮೇಲೆ ಹತ್ತಿಸುತ್ತಿದ್ದರು. ಪಕ್ಕದಲ್ಲಿ ಕೆರಿಬಿಯನ್ ವಿಭಾಗ. ಒಂದು ಲಾರಿ ಮರಳು, ಬಣ್ಣದ ಕೊಡೆ, ಪ್ಲಾಸ್ಟಿಕ್ ತೆಂಗಿನಕಾಯಿ, ಡ್ರಮ್ಮು. ಅದರ ನಡುವೆ ಆರಾಮಕುರ್ಚಿಯ ಮೇಲೆ, ತಲೆಗೆ ಪುಟ್ಟ ಹುಲ್ಲಿನ ಟೋಪಿ ಕಟ್ಟಿಸಿಕೊಂಡು ಒಂದು ಇಗ್ವಾನಾ.

ಕೆರಿಬಿಯನ್ ವಿಷಯದಲ್ಲಿ ನಾನೂ ಮಹಾ ಪಂಡಿತೆಯೇನಲ್ಲ. ಕಿಂಗ್ಸ್ಟನ್, ಬ್ರಿಡ್ಜ್‌ಟೌನ್, ಪೋರ್ಟ್ ಆಫ್ ಸ್ಪೇನ್ ಎಂಬ ಹೆಸರುಗಳು ನನಗೆ ಗೊತ್ತಿದ್ದದ್ದು ಅಪ್ಪನ ರೇಡಿಯೋದ ಕ್ರಿಕೆಟ್ ವೀಕ್ಷಕವಿವರಣೆಯಿಂದ. ಆ ದ್ವೀಪಗಳಲ್ಲಿ ವೇಗದ ಬೌಲರುಗಳನ್ನು ಬಿಟ್ಟು ಬೇರೆ ಜೀವರಾಶಿ ಇರಬಹುದೆಂದು ಹೊಳೆದೇ ಇರಲಿಲ್ಲ. ಆದರೂ ಅಲ್ಲಿನ ಹಲ್ಲಿಗಳು ಟೋಪಿ ಹಾಕುವುದಿಲ್ಲ ಎಂಬಷ್ಟು ಅಂದಾಜಿತ್ತು.

"ಬನ್ನಿ ಮೇಡಂ, ಎತ್ಕೊಳ್ಳಿ, ಫೋಟೋ ತಗೊಳ್ಳಿ, ಏನೂ ಮಾಡಲ್ಲ" ಎಂದು ಮಾಲೀಕರು ಮಕಾವ್ ಒಂದನ್ನು ನನ್ನ ಭುಜದ ಮೇಲೆ ಇಟ್ಟೇಬಿಟ್ಟರು. ಅದು ಭುಜದಿಂದ ಭುಜಕ್ಕೆ ಕೂತು ಸುಸ್ತಾಗಿತ್ತು. ಸಂಜೆಯ ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಂತವರ ಕಣ್ಣು ಅದಕ್ಕೆ. ಮಾಲೀಕರು ಎಳನೀರು ಕೊಡಿಸಲು ಬಂದಾಗ ಪಿಳ್ಳಮ್ಮನವರು ಕೈಯಡ್ಡ ಹಿಡಿದರು. "ಬ್ಯಾಡಪ್ಪ, ನಾವು ಇಂಗೇ ಸುಮ್ನೆ ಬಂದಿದ್ದು." ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಬಂದ್ ಬಂದೋರ್ಗೆಲ್ಲ ಎತ್ಕಳಕ್ಕೆ ಕೊಡೋ ಮನೇಲಿ ಮಗು ಬಾಳಾಕಿಲ್ಲ" ಎಂದರು.

ಎರಡನೆಯದು ಬೇರೆ ಊರಿನ ಹಳೆಯ, ದೊಡ್ಡ ಮೃಗಾಲಯ. ಅಲ್ಲಿನ ಶಿಸ್ತು ಕಂಡು ನನಗೆ ಕಾನ್ವೆಂಟಿನ ಹಾಸ್ಟೆಲೇ ಕಣ್ಣ ಮುಂದೆ ಬಂತು. ಗಿಳಿಗಳೆಲ್ಲ ಒಂದು ಸಾಲು, ಕೋತಿಗಳೆಲ್ಲ ಒಂದು ಸಾಲು, ತೆವಳುವವೆಲ್ಲ ಗಾಜಿನ ಕೋಣೆಗಳಲ್ಲಿ. ಬ್ರೆಜಿಲಿನ ಮಕಾವ್ ಪಕ್ಕದಲ್ಲಿ ಆಸ್ಟ್ರೇಲಿಯಾದ ಕಾಕಟೂ, ಅಂಗೈಯಗಲದ ಮಾರ್ಮೊಸೆಟ್ ಕೋತಿಯ ನೆರೆಯಲ್ಲಿ ನಮ್ಮದೇ ಮುಸುವ. ಪ್ರತಿ ಗಾಜಿನ ಮೇಲೂ ಭೂಪಟ. ದಕ್ಷಿಣ ಅಮೆರಿಕ ಸೊಟ್ಟ ಕ್ಯಾರೆಟ್ಟಿನಂತೆ ಕೆಂಪಾಗಿ ಹೊಳೆಯುತ್ತಿತ್ತು. ಪಾಚಿಯಿಲ್ಲ, ವಾಸನೆಯಿಲ್ಲ. ಪಿಳ್ಳಮ್ಮನವರೂ ಚರಂಡಿ ನೋಡಿ ತಲೆದೂಗಿದರು. ನಾನು ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದೆ. ಅಷ್ಟರಲ್ಲಿ ಗಾಜಿನ ಹಿಂದಿದ್ದ ಇಗ್ವಾನಾ ನಮ್ಮತ್ತ ತಿರುಗಿತು. ಅದರ ಮೂಗಿನ ಮೇಲೂ ಅದೇ ಗಾಯ.

ವಾಪಸು ಬರುವಾಗ ಪಿಳ್ಳಮ್ಮನವರು ತಂದಿದ್ದ ಬಾಟಲಿಯ ನೀರನ್ನೇ ಕುಡಿದೆವು.

ಮನೆಗೆ ಬಂದು ಅಡುಗೆಮನೆಯಲ್ಲಿ ಡಬ್ಬಿ ತೆರೆಯುವಾಗ ಒಂದು ಯೋಚನೆ ಬಂತು. ಡಬ್ಬಿ ಜೋಡಿಸುವುದರಲ್ಲಿ ನಮ್ಮಲ್ಲಿ ಎರಡು ಪಂಥಗಳಿವೆ. ನನ್ನದು ಬೇಳೆಗಳೆಲ್ಲ ಒಂದು ಸಾಲು, ಹಿಟ್ಟುಗಳೆಲ್ಲ ಒಂದು ಸಾಲು. ನೋಡಲು ಚೆಂದ, ಹುಳಿ ಮಾಡಬೇಕೆಂದರೆ ಅಡುಗೆಮನೆಯ ಪ್ರದಕ್ಷಿಣೆ. ನಮ್ಮತ್ತೆಯದು ಹುಳಿಗೆ ಬೇಕಾದ ಬೇಳೆ, ಹುಣಸೆ, ಪುಡಿ, ಇಂಗು ಎಲ್ಲ ಒಂದೇ ಕಡೆ. ಮೃಗಾಲಯಗಳಲ್ಲೂ ಈ ಎರಡು ಪಂಥಗಳಿವೆ ಎಂದು ಆಮೇಲೆ ತಿಳಿಯಿತು. ವಿದೇಶದಲ್ಲಿರುವ ನನ್ನ ಶಾಲೆಯ ಗೆಳತಿ ತಾನು ನೋಡಿದ ಮೃಗಾಲಯದ ವಿಡಿಯೋ ಕಳಿಸಿದ್ದಳು. ದೊಡ್ಡ ಗಾಜಿನ ಮಾಡಿನ ಕೆಳಗೆ ಇಡೀ ಒಂದು ಅಮೆಜಾನ್. ತಲೆಯ ಮೇಲೆ ಹಗ್ಗದಗುಂಟ ತಲೆಕೆಳಗಾಗಿ ತೆವಳುವ ಸ್ಲಾತ್ ಎಂಬ ಸೋಮಾರಿ ಪ್ರಾಣಿ, ಗಿಳಿಗಳು ಬಿಡುಬೀಸಾಗಿ, ಕೆಳಗೆ ಆಮೆ, ಗಂಟೆಗೊಮ್ಮೆ ಯಂತ್ರದ ಮಳೆ. ಅದು ಅತ್ತೆಯವರ ಪಂಥ. ಹುಟ್ಟಿ ಬೆಳೆದ ಕಡೆ ಯಾರ ಜೊತೆ ಇದ್ದವೋ ಅವರ ಜೊತೆಗೇ ಇಡುವುದು. ನೋಡುತ್ತ ನೋಡುತ್ತ ಬೀನ್ಸ್‌ನ ಮೂಗಿಗೆ ಮುಲಾಮು ಹಚ್ಚಿದೆ. ಅಷ್ಟು ದೂರದ ಸಂಬಂಧ ನಮಗೆಲ್ಲಿ ಕುದುರೀತು?

ಒಂದು ವಿಷಯ ಮಾತ್ರ ಬಹಳ ಹೊತ್ತು ಕಾಡಿತು. ಅವನ ತಟ್ಟೆಗೆ ನಾನು ಹೆಚ್ಚಿ ಹಾಕುತ್ತಿದ್ದ ಪರಂಗಿಹಣ್ಣು, ಸೀಬೆ, ಕುಂಬಳ ಎಲ್ಲ ಅವನ ಊರಿನ ಕಡೆಯಿಂದಲೇ ಬಂದವು. ನಮ್ಮ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಯೂ ಹಾಗೇ. ಅವೆಲ್ಲ ಎಂದೋ ಬಂದು, ಮಣ್ಣು ಸಿಕ್ಕಿ, ನಮ್ಮ ಮನೆಯವೇ ಆಗಿಹೋದವು. ಇವನೊಬ್ಬ ಮಾತ್ರ ಇನ್ನೂ ಜಾಲರಿಗೆ ಮೂತಿ ಒತ್ತುತ್ತಿದ್ದ. ಗಾಯ ಅಷ್ಟರಲ್ಲಿ ಕೆಂಪು ತಿರುಗಿ ದಪ್ಪಗಾಗಿತ್ತು. ತಿನ್ನುವುದನ್ನೂ ಕಡಿಮೆ ಮಾಡಿದ್ದ.

ಮೂರನೆಯ ಜಾಗವನ್ನು ಹೇಳಿದ್ದು ಪಶುವೈದ್ಯರು. ಊರಾಚೆಯ ಒಂದು ಸಣ್ಣ ಮೃಗಾಲಯ. ನೋಡಲು ಏನೂ ಇಲ್ಲ. ಬಣ್ಣ ಮಾಸಿದ ಫಲಕ, ಗೋಡೆಯ ಮೇಲೆ ಚಿತ್ರವೂ ಇಲ್ಲ, ಭೂಪಟವೂ ಇಲ್ಲ. ಇಗ್ವಾನಾಗಳಿಗೆ ಗಾಜೂ ಇರಲಿಲ್ಲ, ಜಾಲರಿಯೂ ಇರಲಿಲ್ಲ. ಸೊಂಟದೆತ್ತರದ ನುಣುಪು ಗೋಡೆ ಕಟ್ಟಿ, ಒಳಗೆ ಒಂದು ಅತ್ತಿಮರ, ಸುತ್ತ ಯಾವುದಕ್ಕೂ ಕೊಂಬೆ ತಾಗದಂತೆ ಸವರಿದ್ದಾರೆ. ಮಾಗಿಯ ಚಳಿಗೆಂದು ಇಟ್ಟಿಗೆಯ ಗೂಡಿನಲ್ಲಿ ದೀಪ. ಮರದ ತುಂಬ ಇಗ್ವಾನಾಗಳು ಕಾಲುಗಳನ್ನು ಇಳಿಬಿಟ್ಟು, ಭಾನುವಾರ ಮಧ್ಯಾಹ್ನ ಊಟ ಮುಗಿಸಿದವರಂತೆ ಮಲಗಿದ್ದವು. ಕೆಳಗೆ ಕೆಂಪುಕಾಲಿನ ಆಮೆಗಳು ಅಡ್ಡಾಡುತ್ತಿದ್ದವು. ಅವೂ ದಕ್ಷಿಣ ಅಮೆರಿಕದವೇ, ಕೆರಿಬಿಯನ್ ದ್ವೀಪಗಳಲ್ಲೂ ಇರುವಂಥವು.

ನನಗೆ ರೋಮಾಂಚನವಾಯಿತು. "ಒಂದೇ ಕಡೆಯ ಪ್ರಾಣಿಗಳು ಅಂತ ಯೋಚನೆ ಮಾಡಿ ಒಟ್ಟಿಗೆ ಬಿಟ್ಟಿದೀರಲ್ಲ, ತುಂಬಾ ಚೆನ್ನಾಗಿದೆ" ಎಂದು ಅಲ್ಲಿನ ಮೇಲ್ವಿಚಾರಕರಿಗೆ ನನ್ನ ಪಾಂಡಿತ್ಯ ತೋರಿಸಿದೆ.

"ಹಂಗೇನಿಲ್ಲ ಮೇಡಂ. ಆಮೆಗೆ ಬೇರೆ ಜಾಗ ಇರ್ಲಿಲ್ಲ. ಬಿಟ್ವಿ, ಹೊಂದ್ಕೊಂಡ್ವು."

ಪಿಳ್ಳಮ್ಮನವರು ಆಗಲೇ ಕೆಲಸಕ್ಕಿಳಿದಿದ್ದರು. ಗೋಡೆಯ ಸುತ್ತ ಒಂದು ಸುತ್ತು ಬಂದು, ತೊಟ್ಟಿಯ ನೀರಿಗೆ ಬಗ್ಗಿ, "ದಿನಾ ಬದಲಾಯಿಸ್ತೀರಾ?" ಎಂದು ಕೇಳಿ, ಮರದ ತುದಿಯಲ್ಲಿದ್ದ ದಪ್ಪನೆಯದನ್ನು ತೋರಿಸಿದರು.

"ಆ ಯಜಮಾನಪ್ಪ ಎಂಗೆ? ಹೊಸಬ್ರನ್ನ ಕಚ್ತಾನಾ?"

"ಒಂದೆರಡು ದಿನ ಜೋರು ಮಾಡ್ಕೊಂಡು ತಲೆ ಆಡಿಸ್ತಾನೆ ಅಜ್ಜಿ, ಆಮೇಲೆ ಸುಮ್ನಾಗ್ತಾನೆ."

"ನಮ್ಮತ್ತೆ ಇಪ್ಪತ್ ವರ್ಷ ತಲೆ ಆಡಿಸಿದ್ರು. ಇವ್ನೇ ವಾಸಿ" ಎಂದರು ಪಿಳ್ಳಮ್ಮ.

ನಾನು ಒಂದೊಂದೇ ಮೂಗು ನೋಡುತ್ತ ಹೋದೆ. ಎಲ್ಲವೂ ನುಣ್ಣಗೆ, ಗಾಯದ ಗುರುತಿಲ್ಲ. ಹೇಳಬೇಕೆಂದು ತಿರುಗಿದರೆ ಪಿಳ್ಳಮ್ಮನವರು ಕಲ್ಲುಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಏನಪ್ಪಾ, ಒಂದ್ ಲೋಟ ಟೀ ಸಿಗ್ತದಾ ನಿಮ್ಮಲ್ಲಿ?"

ಆ ಮೇಲ್ವಿಚಾರಕರಿಗೆ ಏನು ಗೊತ್ತು, ತಾವು ತಂದುಕೊಟ್ಟದ್ದು ಬರೀ ಟೀ ಎಂದುಕೊಂಡರು. ನಾನು ಮಾತ್ರ ಲೋಟ ಪಿಳ್ಳಮ್ಮನವರ ತುಟಿಗೆ ತಾಗುವವರೆಗೂ ಉಸಿರು ಹಿಡಿದಿದ್ದೆ.

ಅನುಮತಿ, ಸಹಿ, ಓಡಾಟವನ್ನೆಲ್ಲ ಯಜಮಾನರು ನೋಡಿಕೊಂಡರು. ಕಳಿಸಿಕೊಡುವ ದಿನ ಅದಿತಿ ಕಾರಿನಲ್ಲಿ ಕೂತು ದಾರಿಯುದ್ದಕ್ಕೂ ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ. ಹೊಸದಾಗಿ ಬಂದವರನ್ನೆಲ್ಲ ಅಲ್ಲಿ ಕೆಲವು ವಾರ ಒಟ್ಟಿಗೆ ಬೇರೆ ಕಡೆ ಇಟ್ಟು ಪರೀಕ್ಷೆ ಮಾಡುತ್ತಾರೆ. ಮೊದಲ ವಾರ ಬೀನ್ಸ್ ಏನೂ ಮುಟ್ಟಲಿಲ್ಲವೆಂದು ಫೋನಿನಲ್ಲಿ ತಿಳಿದಾಗ ನಮ್ಮ ಮನೆಯಲ್ಲೂ ಯಾರಿಗೂ ಊಟ ಸೇರಲಿಲ್ಲ. ತಪ್ಪು ಮನೆಗೆ ಕೊಟ್ಟೆವೇನೋ ಎಂದುಕೊಂಡು ಎಲ್ಲರೂ ಬಾಲ್ಕನಿಯ ಕಡೆ ನೋಡಿದೆವು. ಆಮೇಲೊಂದು ಬೆಳಗ್ಗೆ, ಕಂಪನಿ ಬಸ್ಸುಗಳು ಬೀದಿ ತುಂಬ ಹಾರನ್ ಹೊಡೆಯುತ್ತಿದ್ದಾಗ, ಮೇಲ್ವಿಚಾರಕರ ಫೋನು ಬಂತು. "ಕುಂಬಳಕಾಯಿ ತಿಂದ ಮೇಡಂ. ತಿಂದು ಪಕ್ಕದೋನ ತಟ್ಟೆಗೂ ಬಾಯಿ ಹಾಕ್ದ." ಎದುರು ಮನೆಯವರ ಬಾಲ್ಕನಿಯವರೆಗೂ ಕೇಳುವಂತೆ ನಕ್ಕೆ.

ಮೊನ್ನೆ ಎಲ್ಲರೂ ನೋಡಲು ಹೋಗಿದ್ದೆವು. ಅವನನ್ನು ಮರಕ್ಕೆ ಬಿಟ್ಟು ಬಹಳ ದಿನವಾಗಿತ್ತು. ಅದಿತಿ ಒಂದನ್ನು ತೋರಿಸಿ ಇವನೇ ಎಂದಳು, ಯಜಮಾನರು ಇನ್ನೊಂದನ್ನು ತೋರಿಸಿದರು, ನನಗೆ ಯಾರ ಮೇಲೂ ನಂಬಿಕೆ ಬರಲಿಲ್ಲ. ಯಾವ ಮೂಗಿನ ಮೇಲೂ ಗುರುತಿರಲಿಲ್ಲ. "ಎಲ್ಲಾ ಚೆಂದಾಗವೆ, ಯಾವ್ದಾದ್ರೇನು" ಎಂದರು ಪಿಳ್ಳಮ್ಮನವರು, ಮೊಮ್ಮಗುವನ್ನು ಹೆಗಲಿಗೇರಿಸಿಕೊಂಡು.

ಅಷ್ಟರಲ್ಲಿ ನಮ್ಮ ಪಕ್ಕ ಒಂದು ಸಂಸಾರ ಬಂದು ನಿಂತಿತು. ಊರಿನ ಇನ್ನೊಂದು ತುದಿಯ ಬಾಗಲಗುಂಟೆಯಿಂದ ಬಂದವರಂತೆ, ಬುತ್ತಿಯ ಚೀಲದೊಂದಿಗೆ. ಪುಟ್ಟ ಹುಡುಗಿಯೊಬ್ಬಳು ಮಾಸಿದ ಫಲಕವನ್ನು ಅಕ್ಷರ ಕೂಡಿಸಿ ಓದಿದಳು. "ಅಪ್ಪ, ಇವು ದಕ್ಷಿಣ ಅಮೆರಿಕದಾವಂತ."

"ಹೌದ? ಏಟ್ ದೂರದಿಂದ ಬಂದಾವ ನೋಡವ್ವ" ಎಂದ ಅಪ್ಪ ಮೆಚ್ಚುಗೆಯಿಂದ.

ಅದಿತಿ ನನ್ನ ಮುಖ ನೋಡಿದಳು. ಅವುಗಳಲ್ಲಿ ಒಬ್ಬ ಎಲೆಕ್ಟ್ರಾನಿಕ್ ಸಿಟಿಯ ಮೂರನೇ ಮಹಡಿಯಿಂದ ಬಂದವನು ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡೆ. ತಾನು ಎಂದೂ ಕಾಣದ ಊರು ಕೊನೆಗೂ ಅವನ ಹೆಸರಿಗೆ ಬಂದಿದೆ, ನಾನೇಕೆ ಕಿತ್ತುಕೊಳ್ಳಲಿ?