ಅಪ್ಪ ಕಾಯಿ ನಡೆಸಲಿಲ್ಲ, ಅಪ್‌ಡೇಟ್ ಹೋಗಲಿಲ್ಲ

ನಮ್ಮ ಕಂಪನಿಯ ಆನ್‌ಲೈನ್ ಚೌಕಾಬಾರ ಆಡೋ ಸ್ನೇಹಿತರೇ, ಇವತ್ತು ಅಪ್‌ಡೇಟ್ ತಡವಾಯ್ತು ಅಂತ ನಮ್ಮನ್ನ ಬೈಕೋಬೇಡಿ. ತಪ್ಪು ನಮ್ಮಪ್ಪಂದು.

ಅಪ್‌ಡೇಟ್ ಹಾಕುವಾಗ ಆಡ್ತಿರೋರನ್ನ ನಾವು ಮಧ್ಯದಲ್ಲಿ ಎಬ್ಬಿಸಲ್ಲ. ಮದುವೆಮನೆ ಪಂಕ್ತಿ ಥರ, ಕೂತವರ ಊಟ ಮುಗಿಯೋವರೆಗೂ ಎಲೆ ಎತ್ತಲ್ಲ. ಹಳೇ ಸರ್ವರ್‌ನಲ್ಲಿ ಎಲ್ಲರ ಆಟವೂ ಮುಗೀಬೇಕು, ಆಮೇಲೇ ಅಪ್‌ಡೇಟ್. ಇವತ್ತು ಒಂದೇ ಒಂದು ಆಟ ಉಳ್ಕೊಂಡ್ಬಿಡ್ತು. ಇಡೀ ಟೀಮು ಕಾಲ್‌ನಲ್ಲಿ ಕಾಯ್ತಿದೆ.

"ಯಾರ್ರೀ ಈ ಮಹಾನುಭಾವ? ಕಾಯಿ ನಡೆಸೋಕೂ ಮುಹೂರ್ತ ನೋಡ್ತಿದಾನಾ?" ಅಂದ್ರು ಮ್ಯಾನೇಜರ್.

ಆಟಗಾರನ ಹೆಸರು ನೋಡಿದೆ. 'ಎನ್.ಆರ್. ಕಾಲೋನಿ ಹುಲಿ'. ಮ್ಯೂಟ್ ಮಾಡಿ ಹಾಲ್‌ಗೆ ಓಡಿದೆ. ಅಪ್ಪ ಫೋನ್ ಹಿಡ್ಕೊಂಡು ಆರಾಮಾಗಿ ಕೂತಿದ್ರು.

"ಅಪ್ಪ, ಬೇಗ ಕಾಯಿ ನಡೆಸಿ."

"ಇರಮ್ಮ, ಎದುರಿಗಿರೋನು ಸ್ವಲ್ಪ ಸುಸ್ತಾಗ್ಲಿ."

ಅಂದ ಹಾಗೆ, ಆ ಅಪ್‌ಡೇಟ್‌ನಲ್ಲಿ ಇದ್ದಿದ್ದು ಒಂದೇ ವಿಷಯ. ಇನ್ಮೇಲೆ ಅರ್ಧ ನಿಮಿಷದೊಳಗೆ ಕಾಯಿ ನಡೆಸದಿದ್ರೆ ಸರದಿ ಹೋಗತ್ತೆ.

ಕೊನೆಗೂ ಅಪ್ಪ ಗೆದ್ರು, ಅಪ್‌ಡೇಟ್ ಹೋಯ್ತು. ಆಮೇಲೆ ಆಡಿದ್ದೆಲ್ಲಾ ಸೋತಿದಾರೆ. ಈಗ ಕಂಪನಿಗೆ ದೂರು ಕೊಡ್ಬೇಕಂತೆ. ಅವರು ಹೇಳ್ತಿದಾರೆ, ನಾನು ಟೈಪ್ ಮಾಡ್ತಿದೀನಿ. ನಾಳೆ ಅದಕ್ಕೆ ಕ್ಷಮೆ ಕೇಳಿ ಉತ್ತರ ಬರೆಯೋಳೂ ನಾನೇ.